ಅಂವ ಸಾಯಾಕ, ಇಂವ ಕಾಯಾಕ

ಸೋಲಾಪುರದ ಲಕ್ಷ್ಮೀ ಕೋ-ಆಪರೇಟಿವ್ ಬ್ಯಾಂಕಿನ ಲೈಸೆನ್ಸು ರದ್ದಾದ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. 2022ರ ಸೆಪ್ಟೆಂಬರ್ 22, 'ದಿನದ ವ್ಯವಹಾರ ಮುಗಿದ ಹೊತ್ತಿನಿಂದ ಜಾರಿ' ಎಂದು ರಿಸರ್ವ್ ಬ್ಯಾಂಕ್ ಬರೆಯಿತು. ಎಂಥ ಸಭ್ಯ ಮಾತು! ಹಿಂದಿನ ವರ್ಷದ ನವೆಂಬರಿನಿಂದ ಒಬ್ಬ ಗಿರಾಕಿಗೆ ಎಲ್ಲ ಖಾತೆ ಸೇರಿ 1,000 ರೂಪಾಯಿಗಿಂತ ಹೆಚ್ಚು ಕೊಡಬೇಡಿ, ಹೊಸ ಠೇವಣಿ ಹಿಡಿಯಬೇಡಿ, ಸಾಲ ಕೊಡಬೇಡಿ ಎಂದು ಕೈಕಾಲು ಕಟ್ಟಿ ಕೂರಿಸಿದ್ದ ಬ್ಯಾಂಕದು. ಹತ್ತು ತಿಂಗಳ ಹಿಂದೆಯೇ ಮುಗಿದಿದ್ದ ವ್ಯವಹಾರ ಆ ಸಂಜೆ ಇನ್ನೊಮ್ಮೆ ಶಾಸ್ತ್ರೋಕ್ತವಾಗಿ ಮುಗಿಯಿತು.

ಆ ಒಂದು ಬ್ಯಾಂಕನ್ನೇ ಹಿಡಿದು ಜಗ್ಗುವ ಇರಾದೆ ಇಲ್ಲ. ಸಿಟ್ಟು ಬರುವುದು ಪ್ರಕಟಣೆಯ ಭಾಷೆಗೆ. ಅಂದಿನಿಂದ ಇಂದಿನವರೆಗೆ ಊರಿನ ಹೆಸರು ಬದಲಾಗಿದೆ, ತಾರೀಖು ಬದಲಾಗಿದೆ, ವಾಕ್ಯಗಳು ಮಾತ್ರ ಮಂಗಳಾಷ್ಟಕದ ಹಾಗೆ ಎಲ್ಲ ಮನೆಗೂ ಒಂದೇ. 'ಬ್ಯಾಂಕಿಗೆ ಸಾಕಷ್ಟು ಬಂಡವಾಳವಾಗಲಿ ಗಳಿಕೆಯ ಸಾಧ್ಯತೆಯಾಗಲಿ ಇಲ್ಲ.' 'ಬ್ಯಾಂಕು ಮುಂದುವರಿಯುವುದು ಠೇವಣಿದಾರರ ಹಿತಕ್ಕೆ ಮಾರಕ.' ಅದಕ್ಕೂ ಮೊದಲು ಬರುವ ನಿರ್ಬಂಧದ ಕಾಗದದಲ್ಲಿ, 'ಇದನ್ನು ಲೈಸೆನ್ಸ್ ರದ್ದತಿ ಎಂದು ಭಾವಿಸತಕ್ಕದ್ದಲ್ಲ', 'ಆಸಕ್ತ ಸಾರ್ವಜನಿಕರ ಅವಗಾಹನೆಗಾಗಿ ಪ್ರತಿಯನ್ನು ಪ್ರದರ್ಶಿಸಲಾಗಿದೆ'. ಆಸಕ್ತ ಸಾರ್ವಜನಿಕರು! ಶಟರಿನ ಮುಂದೆ ಬಿಸಿಲಲ್ಲಿ ನಿಂತವರಿಗೆ ಇದಕ್ಕಿಂತ ಗೌರವದ ಬಿರುದು ಸಿಗಲಾರದು. ಕಾಗದ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಪುಣ್ಯವಿದ್ದರೆ ಮರಾಠಿಯಲ್ಲಿ. ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಹಳ್ಳಿಯಿಂದ ಬಂದ ಕನ್ನಡದ ಮುದುಕಿಗೆ ಅರ್ಥವಾಗುವುದು ಕೆಳಗಿನ ಗೋಲ ಶಿಕ್ಕೆ ಒಂದೇ.

ಇಲ್ಲೊಂದು ಭಾಷಾ ಭಾಗ್ಯವೂ ಇದೆ. ಮುಳುಗಿದ ಬ್ಯಾಂಕಿನ ಆಸ್ತಿ ಮಾರಿ ಬಾಕಿ ತೀರಿಸಲು ಸಹಕಾರ ಇಲಾಖೆ ನೇಮಿಸುವ ಲಿಕ್ವಿಡೇಟರನಿಗೆ ಮರಾಠಿಯಲ್ಲಿ 'ಅವಸಾಯಕ' ಎನ್ನುತ್ತಾರೆ. ನಮ್ಮ ಗಡಿಯ ಕಿವಿಗೆ ಅದು ಬೀಳುವುದು 'ಅಂವ ಸಾಯಾಕ' ಎಂದು. ನಿಘಂಟುಕಾರರು ಸಾವಿರ ಹೇಳಲಿ, ಇಷ್ಟು ಸರಿಯಾದ ಅನುವಾದ ಯಾರಿಂದಲೂ ಆಗದು. ಅಷ್ಟೇ ಅಲ್ಲ, ಹಳೆಯ ಒಂದು ಒಗಟೂ ಇದರಿಂದ ಬಿಡಿಸಿದಂತಾಯಿತು. ಈ ಸೀಮೆಯ ಬ್ಯಾಂಕುಗಳ ಕ್ಯಾಲೆಂಡರು, ಸೋಲಾಪುರದ ಸಿದ್ಧೇಶ್ವರನ ಗಡ್ಡಾ ಜಾತ್ರೆಯ ಸ್ವಾಗತ ಫಲಕ, ವಾರ್ಷಿಕ ವರದಿಯ ರಟ್ಟು, ಎಲ್ಲದರ ಮೇಲೂ 'ಸತತ ಆಡಿಟ್ ವರ್ಗ ಅ', ಅಂದರೆ ಲೆಕ್ಕಪರಿಶೋಧನೆಯಲ್ಲಿ ಮೊದಲ ದರ್ಜೆ, ಎಂದು ಇರುತ್ತಿತ್ತಲ್ಲ, ಆ 'ಅ' ಯಾವುದಕ್ಕೆ ಎಂದು ಈಗ ತಿಳಿಯಿತು.

ಆಡಿಟಿನಲ್ಲಿ 'ಅ' ಗಳಿಸುವುದು ಕಷ್ಟದ ವಿದ್ಯೆಯೇನಲ್ಲ, ಮಾರ್ಚ್ ಎಂಡ್ ಬಲ್ಲ ಮ್ಯಾನೇಜರ್ ಒಬ್ಬ ಇದ್ದರೆ ಸಾಕು. ಕಂತು 90 ದಿನ ಬಾಕಿ ಬಿದ್ದರೆ ಸಾಲ ಕೆಟ್ಟಿತು, ಅಂದರೆ ಎನ್‌ಪಿಎ. ಆಗ ಅದರ ಬಡ್ಡಿಯನ್ನು ಆದಾಯವೆಂದು ತೋರಿಸುವಂತಿಲ್ಲ. ಮೇಲಿಂದ ಸಾಲದ ಶೇ. 10 ನಷ್ಟಕ್ಕೆಂದು ತೆಗೆದಿಡಬೇಕು, ವರ್ಷ ಕಳೆದಂತೆ ಅದು 20, 30, ಕೊನೆಗೆ ನೂರಕ್ಕೆ ನೂರು. ಇದೆಲ್ಲ ಯಾಕೆ ತಲೆನೋವು? 40 ಲಕ್ಷದ ಸಾಲ ನಿಂತಿದೆ ಅನ್ನಿ. ಮಾರ್ಚ್ 27ಕ್ಕೆ ಸಾಲಗಾರನ ಷಡ್ಡಕನ ಹೆಸರಿನಲ್ಲಿ 46 ಲಕ್ಷದ ಹೊಸ ಸಾಲ ಮಂಜೂರು. ಅದೇ ಜಾಗ, ಅದೇ ಅಡಮಾನ. ವ್ಯಾಲ್ಯುವೇಶನ್ ಮಾತ್ರ ಹೊಸದು, ವರದಿಯಲ್ಲಿ ಕಂಪೌಂಡು ಗೋಡೆ ಎರಡಡಿ ಬೆಳೆದಿರುತ್ತದೆ. ದುಡ್ಡು ಒಂದೆರಡು ಖಾತೆಯಲ್ಲಿ ಸುತ್ತಾಡಿ 29ಕ್ಕೆ ಹಳೆಯ ಸಾಲದಲ್ಲಿ ಜಮೆ. ಹಳೆಯ ಸಾಲ ಬಡ್ಡಿ ಸಮೇತ ಚುಕ್ತಾ, ಆರು ಲಕ್ಷ ಬಡ್ಡಿ 'ಆದಾಯ', ಆದಾಯದಿಂದ ಲಾಭ, ಲಾಭದಿಂದ ಡಿವಿಡೆಂಡು, ಡಿವಿಡೆಂಡಿನ ಖುಷಿಗೆ ಸಭಾಸದರಿಗೆ ಸ್ಟೀಲಿನ ಡಬ್ಬಿ. ಬ್ಯಾಂಕಿನಿಂದ ಒಂದು ನೋಟೂ ಹೊರಗೆ ಹೋಗಿಲ್ಲ, ಒಂದೂ ಒಳಗೆ ಬಂದಿಲ್ಲ. ಡಬ್ಬಿ ಒಂದೇ ಖರೆ.

ಷಡ್ಡಕ ಯಾಕೆ ಬೇಕು ಎಂದರೆ, ಸಂಚಾಲಕರಿಗೂ (ಬ್ಯಾಂಕಿನ ನಿರ್ದೇಶಕರಿಗೂ) ಅವರ ನೆಂಟರಿಗೂ ಸಾಲ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2003ರಲ್ಲೇ ನಗರ ಸಹಕಾರಿ ಬ್ಯಾಂಕುಗಳಿಗೆ ಕಟ್ಟಪ್ಪಣೆ ಮಾಡಿದೆ. ಆದ್ದರಿಂದ ಸಂಚಾಲಕರ ಸಾಲವನ್ನು ಈಗ ಅವರ ಡ್ರೈವರನ ಹೆಸರಿನಲ್ಲಿ ಹುಡುಕಬೇಕು. ನೆಂಟಸ್ತಿಕೆಯ ವ್ಯಾಖ್ಯೆಯಲ್ಲಿ ಡ್ರೈವರು ಬರುವುದಿಲ್ಲ.

ಆದರೂ ಈ ಸಂಚಾಲಕರನ್ನು ಆರಿಸುವವರು ಯಾರು? ಇದನ್ನು ಕೇಳಿದವರು ಕಡಿಮೆ. ಸಹಕಾರದ ತತ್ವ ಬಲು ಸುಂದರ: ಒಬ್ಬ ಸಭಾಸದನಿಗೆ ಒಂದು ಮತ. ಸಭಾಸದ ಎಂದರೆ ಶೇರು ಇದ್ದವ. ಶೇರು ಹೆಚ್ಚಾಗಿ ಯಾರ ಹತ್ತಿರ? ಸಾಲ ಪಡೆದವರ ಹತ್ತಿರ, ಏಕೆಂದರೆ ಸಾಲದ ಶೇ. 2.5, ಅಡಮಾನ ಇಲ್ಲದ ಸಾಲವಾದರೆ ಶೇ. 5, ಶೇರಿಗೆಂದು ಕಡಿದುಕೊಂಡೇ ಉಳಿದದ್ದನ್ನು ಕೊಡುವ ರೂಢಿ. ಅಂದರೆ 46 ಲಕ್ಷದ ಸಾಲದಿಂದ 1,15,000 ರೂಪಾಯಿ ಬ್ಯಾಂಕಿನ ಬಂಡವಾಳವಾಗಿ ಅಲ್ಲೇ ಉಳಿಯಿತು. ಠೇವಣಿದಾರನ ದುಡ್ಡನ್ನು ಸಾಲವಾಗಿ ಕೊಟ್ಟು, ಅದರಲ್ಲೇ ಚಿವುಟಿ ಬಂಡವಾಳ ಮಾಡಿ, 'ನಮ್ಮ ಬಂಡವಾಳ ಗಟ್ಟಿ' ಎಂದು ಅದೇ ಠೇವಣಿದಾರನಿಗೆ ತೋರಿಸುವುದು. ಕೊಟ್ಟವನಿಗೆ ಮತವಿಲ್ಲ, ತೆಗೆದುಕೊಂಡವನಿಗೆ ಮತವಿದೆ. ವಸೂಲಿ ಮಾಡದ ಚೇರ್ಮನ್ನರು ಮತ್ತೆ ಮತ್ತೆ ಅವಿರೋಧವಾಗಿ ಆರಿಸಿ ಬರುವ ಗುಟ್ಟು ಇಷ್ಟೇ.

ಇಷ್ಟೆಲ್ಲ ಬುದ್ಧಿ ಖರ್ಚು ಮಾಡುವವರನ್ನಾದರೂ ಮೆಚ್ಚಬಹುದು. ಮುಂಬೈಯವರಿಗೆ ಅಷ್ಟು ತಾಳ್ಮೆಯೂ ಇಲ್ಲ. 2025ರ ಫೆಬ್ರುವರಿಯಲ್ಲಿ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನ ತಿಜೋರಿಯಿಂದ 122 ಕೋಟಿ ನಗದು ನಾಪತ್ತೆ ಎಂದು ದೂರು ದಾಖಲಾಯಿತು. ಆ ತಿಜೋರಿ ಹಿಡಿಸುವುದೇ ಹತ್ತು ಕೋಟಿ ಎಂದು ತನಿಖೆಯಲ್ಲಿ ಹೊರಬಿತ್ತು. ಸ್ವಲ್ಪ ಲೆಕ್ಕ ಹಾಕೋಣ, ಮಜಾ ಇದೆ. ಎಲ್ಲವೂ 500ರ ನೋಟು ಎಂದು ಹಿಡಿದರೆ 24,40,000 ನೋಟು. ನೂರರ ಕಟ್ಟು ಮಾಡಿದರೆ 24,400 ಕಟ್ಟು, ಹತ್ತು ಕಟ್ಟಿನ ಬಂಡಲಾದರೆ 2,440. ಒಂದು ಕಟ್ಟು ಒಂದೇ ಸೆಂಟಿಮೀಟರ್ ದಪ್ಪ ಅಂದರೂ ಒಂದರ ಮೇಲೊಂದು ಇಟ್ಟರೆ 244 ಮೀಟರ್. ನಮ್ಮ ವಿಜಯಪುರದ ಗೋಳಗುಮ್ಮಟ ಸುಮಾರು 51 ಮೀಟರ್. ನಾಲ್ಕು ಗುಮ್ಮಟ ಒಂದರ ಮೇಲೊಂದು ನಿಲ್ಲಿಸಿದರೂ ಮೇಲೆ ಇನ್ನಷ್ಟು ನೋಟು ಉಳಿಯುತ್ತವೆ. ತಿಜೋರಿಗೆ ಎರಡು ಕೀಲಿ, ಒಂದು ಮ್ಯಾನೇಜರನ ಹತ್ತಿರ, ಒಂದು ಕ್ಯಾಶಿಯರನ ಹತ್ತಿರ, ಇಬ್ಬರೂ ಬಂದರೇ ತೆರೆಯಬೇಕು. ಆಡಿಟರು ಬಂದಾಗ ಎಣಿಸಬೇಕು. ಎಣಿಸುವುದೂ ಬೇಡ, ಬಾಗಿಲಲ್ಲಿ ನಿಂತು 'ಇಷ್ಟು ದೊಡ್ಡದು ಇದರಾಗ ಹೆಂಗ ಹಿಡಿಸ್ತದ?' ಎಂದು ಒಮ್ಮೆ ಕೇಳಿದ್ದರೂ ಆಗುತ್ತಿತ್ತು. ಜೋಳದ ಹಗೇವಿಗೆ ಎಷ್ಟು ಚೀಲ ಹಿಡಿಸುತ್ತದೆ ಎಂದು ನಮ್ಮ ಹಳ್ಳಿಯ ಹುಡುಗರೂ ಹೇಳುತ್ತಾರೆ.

ಇರಲಿ, ಠೇವಣಿ ವಿಮೆ ಇದೆಯಲ್ಲ ಎನ್ನುತ್ತೀರಿ. ಇದೆ. ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಳುಗಿದ ಮೇಲೆ ದೇಶಕ್ಕೆ ಎಚ್ಚರವಾಗಿ, 1962ರಲ್ಲಿ 1,500 ರೂಪಾಯಿಯ ವಿಮೆ ಶುರುವಾಯಿತು. 1993ರಲ್ಲಿ ಒಂದು ಲಕ್ಷಕ್ಕೆ ಏರಿ ಅಲ್ಲೇ 27 ವರ್ಷ ನಿದ್ದೆ ಮಾಡಿತು. 2020ರ ಫೆಬ್ರುವರಿ 4ರಿಂದ ಐದು ಲಕ್ಷ. ಇದರ ಕಂತು ನೂರು ರೂಪಾಯಿಗೆ ವರ್ಷಕ್ಕೆ 12 ಪೈಸೆಯಂತೆ ನಿಗದಿಯಾಯಿತು, ಬ್ಯಾಂಕೇ ತುಂಬಬೇಕು. ಕಂತು ಪೂರ್ತಿ ಠೇವಣಿಯ ಮೇಲೆ. 20 ಲಕ್ಷ ಇಟ್ಟರೆ ಕಂತು 20 ಲಕ್ಷಕ್ಕೆ, ಪರಿಹಾರ ಐದಕ್ಕೆ. ಅಸಲು-ಬಡ್ಡಿ ಎರಡೂ ಸೇರಿಯೇ ಐದು. 4,90,000 ಇಟ್ಟು 22,000 ಬಡ್ಡಿ ಕೂಡಿದ್ದರೆ 12,000 ಹೊರಗೆ. ಎಷ್ಟೇ ಶಾಖೆಯಲ್ಲಿ ಹಂಚಿಟ್ಟರೂ ಹೆಸರು ಒಂದೇ ಆದರೆ ಲೆಕ್ಕ ಒಂದೇ.

ಆದರೆ ಜಂಟಿ ಖಾತೆಯಲ್ಲಿ ಹೆಸರಿನ ಕ್ರಮ ಬದಲಾದರೆ ಬೇರೆ ಲೆಕ್ಕ. 'ಗಂಡ ಮತ್ತು ಹೆಂಡತಿ' ಎಂಬ ಖಾತೆಗೆ ಐದು ಲಕ್ಷ, 'ಹೆಂಡತಿ ಮತ್ತು ಗಂಡ' ಎಂಬುದಕ್ಕೆ ಇನ್ನೊಂದು ಐದು ಲಕ್ಷ. ಹೆಂಡತಿಯ ಹೆಸರು ಮುಂದೆ ಬರೆದರೆ ಐದು ಲಕ್ಷದ ಬೆಲೆಯಿದೆ ಎಂದು ಒಪ್ಪಿದ ಸರಕಾರಿ ಕಾಗದ ಇದೊಂದೇ ಇರಬೇಕು.

ನಿರ್ಬಂಧ ಬಿದ್ದ 90 ದಿನಗಳಲ್ಲಿ ಈ ದುಡ್ಡು ಸಿಗಬೇಕು ಎಂದು 2021ರಲ್ಲಿ ಕಾಯ್ದೆ ತಿದ್ದಿದರು. ಒಳ್ಳೆಯ ತಿದ್ದುಪಡಿ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಅದಕ್ಕೂ ಮೊದಲು ಪುಣೆಯ ರುಪೀ ಬ್ಯಾಂಕಿನ ಠೇವಣಿದಾರರು 2013ರಿಂದ ಕಾದಿದ್ದರು. ಮೊದಲ 45 ದಿನದಲ್ಲಿ ಬ್ಯಾಂಕು ಪಟ್ಟಿ ಕೊಡಬೇಕು, ಉಳಿದ 45ರಲ್ಲಿ ಠೇವಣಿ ವಿಮಾ ನಿಗಮ ತಾಳೆ ನೋಡಿ ದುಡ್ಡು ಹಾಕಬೇಕು. ಠೇವಣಿದಾರ ಸಮ್ಮತಿಪತ್ರ, ಆಧಾರ್, ಬೇರೆ ಬ್ಯಾಂಕಿನ ಖಾತೆ ನಂಬರು ಕೊಡಬೇಕು. ಎಡವುವುದು ಇಲ್ಲೇ. ಕನ್ನಡ ಶಾಲೆಯ ದಾಖಲೆಯಲ್ಲಿ 'ಬಸವರಾಜ', ಪಾಸ್‌ಬುಕ್ಕಿನಲ್ಲಿ ಮರಾಠಿ ಗುಮಾಸ್ತ ಬರೆದ 'ಬಸ್ವರಾಜ್', ಆಧಾರಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಸೇರಿ ಮೂರನೆಯದೇ ಒಂದು. ದುಡ್ಡು ಕೇಳುವಾಗ ಇವರು ಮೂವರು ಬೇರೆ ಬೇರೆ. ಐದು ಲಕ್ಷದ ಮಿತಿ ಲೆಕ್ಕ ಹಾಕುವಾಗ ಮೂವರೂ ಒಬ್ಬನೇ.

'ಶೇ. 99 ಠೇವಣಿದಾರರಿಗೆ ಪೂರ್ತಿ ಹಣ ಸಿಗುತ್ತದೆ' ಎಂಬ ಪ್ರಕಟಣೆಯ ಸಾಲನ್ನು ನಿಧಾನ ಓದಿ. ಠೇವಣಿದಾರರ ಶೇ. 99, ಠೇವಣಿಯದಲ್ಲ. ಉಳಿದ ಒಂದರಲ್ಲಿ ಕೋಟ್ಯಧೀಶರೇ ಇದ್ದಾರೆಂದುಕೊಂಡರೆ ತಪ್ಪು. ನಿವೃತ್ತಿಯ ಗ್ರಾಚ್ಯುಯಿಟಿ, ಪಿಎಫ್ ಎರಡನ್ನೂ ಒಂದೇ ಕಡೆ ಇಟ್ಟ ಮಾಸ್ತರರು, ಮಠದ ದಾಸೋಹ ನಿಧಿ, ಹೌಸಿಂಗ್ ಸೊಸೈಟಿಯ ರಿಪೇರಿ ಫಂಡು ಎಲ್ಲ ಆ ಒಂದರಲ್ಲೇ. ಐದರ ಮೇಲಿನದಕ್ಕೆ ಇವರು ಅವಸಾಯಕನ ಮುಖ ನೋಡಬೇಕು. ಆತ ಮೊದಲು ವಿಮಾ ನಿಗಮದ ಬಾಕಿ ತೀರಿಸಿ, ಆಮೇಲೆ ಇವರ ಕಡೆ ತಿರುಗಬೇಕು. ಮಹಾರಾಷ್ಟ್ರದ ಸಹಕಾರ ಕಾಯ್ದೆಯ 109ನೇ ಕಲಂ ಪ್ರಕಾರ ಅವನಿಗೆ ಆರು ವರ್ಷ, ವರ್ಷವರ್ಷಕ್ಕೆ ವಿಸ್ತರಿಸಿ ಒಟ್ಟು ಹತ್ತು. ನಿವೃತ್ತ ಮಾಸ್ತರರಿಗೆ ಹತ್ತು.

ಇನ್ನು ತಿಂದವರ ಕತೆ. 83ನೇ ಕಲಮಿನಡಿ ವಿಚಾರಣೆ, 88ರಡಿ ಯಾರ ತಲೆಗೆ ಎಷ್ಟು ಹೊಣೆ ಎಂಬ ನಿರ್ಣಯ, ಅದರ ಮೇಲೆ 152ರಡಿ ಅಪೀಲು, ಅಪೀಲಿಗೆ ತಡೆ, ತಡೆಗೆ ಮುದ್ದತು. ಸಣ್ಣ ಸಾಲಗಾರನಿಗೆ ಮಾತ್ರ ಒಂದೇ ಕಲಂ, 101, ವಸೂಲಿ ದಾಖಲೆ. ಎರಡು ಎಕರೆಯ ಸಾತ್‌ಬಾರಾ ಉತಾರದ (ಪಹಣಿಯ) ಮೇಲೆ ಬೋಜಾ ಏರಿಸಲು ವಸೂಲಿ ಅಧಿಕಾರಿಗೆ ಕಾಲು ನೋಯುವುದೇ ಇಲ್ಲ.

ನಗಿಸಿ ನಗಿಸಿ ಸಾಕಾಯಿತು. ಬೀಡಿ ಕಟ್ಟುವ ಹೆಂಗಸು ದಿನಕ್ಕೆ ಇಪ್ಪತ್ತು ರೂಪಾಯಿ ಪಿಗ್ಮಿ ಕಟ್ಟಿದ್ದಾಳೆ. ಅದು ಉಳಿತಾಯವಲ್ಲ, ಅಷ್ಟು ಹೊತ್ತು ಅವಳ ಬೆನ್ನು ಬಗ್ಗಿದ್ದರ ಲೆಕ್ಕ. ಅವಳ ಮಗಳ ಮದುವೆ ಆರು ತಿಂಗಳ ನಿರ್ಬಂಧಕ್ಕೆ, ನಿರ್ಬಂಧದ ವಿಸ್ತರಣೆಗೆ ಕಾಯಬೇಕು. ಪ್ರಕಟಣೆಯಲ್ಲಿ ಬ್ಯಾಂಕಿನ ಹೆಸರಿದೆ, ಕಾಯ್ದೆಯ ಕಲಮಿದೆ, ಅವಳ ಹಿತದ ಹೆಸರೂ ಇದೆ. ಸಾಲ ಪಡೆದು ಕಟ್ಟದವನ ಹೆಸರಿಲ್ಲ, 'ಅ' ಕೊಟ್ಟು ಸಹಿ ಹಾಕಿದವನ ಹೆಸರಿಲ್ಲ. ಒಂದು ಪ್ರಕಟಣೆಯಲ್ಲೂ ಇಲ್ಲ.

ಮುಚ್ಚಿದ ಶಾಖೆಯ ಎದುರು ಸಾಲಿನಲ್ಲಿ ಈಗ ಹೊಸ ಪತ್ತಿನ ಸೊಸೈಟಿಯ, ಅಂದರೆ ಪತ್‌ಸಂಸ್ಥೆಯ ಫಲಕ. ಬಡ್ಡಿ ಒಂದು ಪರ್ಸೆಂಟ್ ಜಾಸ್ತಿ, ಹಿರಿಯರಿಗೆ ಮೇಲೆ ಅರ್ಧ. ಪತ್‌ಸಂಸ್ಥೆಯ ಠೇವಣಿಗೆ ಆ ಐದು ಲಕ್ಷದ ವಿಮೆಯೂ ಇಲ್ಲ. ಅದಿರುವುದು ಬ್ಯಾಂಕಿಗೆ ಮಾತ್ರ. ಪಿಗ್ಮಿ ಏಜೆಂಟ್ ಹಳಬನೇ, ಕೈಯಲ್ಲಿನ ಮಷಿನ್ ಹೊಸದು.

"ಇದಕ್ಕ ಇಮಾ ಅದ ಏನಪಾ?" ಎಂದು ಬೀಡಿ ಕಟ್ಟುವಾಕೆ ಕೇಳುತ್ತಾಳೆ.

"ಯಾಕಿಲ್ರೀ ಅಕ್ಕಾ, ಎಲ್‌ಐಸಿ ಏಜೆನ್ಸಿನೂ ನಂದೇ ಅದ."