ಅಡಿಕೆ ಅಂಗಡಿಯ ಅನುಭವದಿಂದ

ಸಣ್ಣ ವ್ಯಾಪಾರದ ಮಾಲೀಕರು ಎಲ್ಲದರಲ್ಲೂ ಮೂಗು ತೂರಿಸುವುದನ್ನು ಬಿಟ್ಟು ಕೆಲಸಗಾರರನ್ನು ನಂಬಬೇಕು ಎಂಬ ನಿಮ್ಮ ಲೇಖನದ ಮಾತು ನಿಜ. ಆದರೆ ನಂಬುವುದು ಹೇಗೆ ಎಂಬುದನ್ನು ಅದು ಇನ್ನಷ್ಟು ಬಿಡಿಸಿ ಹೇಳಬೇಕಿತ್ತು.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಅಡಿಕೆ ವ್ಯಾಪಾರ ಮಾಡುವವನು ನಾನು. ಸುಲಿದ ಚಾಲಿಯಿಂದ, ಅಂದರೆ ಒಣಗಿಸಿದ ಬಿಳಿ ಅಡಿಕೆಯಿಂದ, ಪಟೋರ, ಉಳ್ಳಿ, ಕರಿಗೋಟು ಎಂಬ ಕೆಳದರ್ಜೆಯವನ್ನು ಹೆಕ್ಕುವ ಅಕ್ಕಂದಿರಿಗೆ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ. ಅವರು ಹೆಕ್ಕಿಟ್ಟ ರಾಶಿಯನ್ನು ಯಜಮಾನ ಮತ್ತೆ ಕೆದಕತೊಡಗಿದರೆ, ಸ್ವಲ್ಪ ಹೊತ್ತಿನಲ್ಲೇ ಒಂದೊಂದು ಅಡಿಕೆಯನ್ನೂ ಎತ್ತಿ ಹಿಡಿದು “ಇದು ಯಾವ ರಾಶಿಗೆ, ಧಣಿಗಳೇ?” ಎಂದು ಕೇಳಲು ಶುರುಮಾಡುತ್ತಾರೆ. ಪಳಗಿದ ಕೈಯೂ ತಡವರಿಸುತ್ತದೆ, ಕೆಲಸವೂ ನಿಲ್ಲುತ್ತದೆ.

ನಮ್ಮಲ್ಲಿ ಹೆಕ್ಕಿದ್ದನ್ನು ಯಾರೂ ಮರಳಿ ಹೆಕ್ಕುವುದಿಲ್ಲ. ಗೋಣಿ ಹೊಲಿಯುವ ಮೊದಲು ಒಂದು ಹಿಡಿ ತೆಗೆದು, ಎರಡು ಮೂರನ್ನು ಕತ್ತರಿಸಿ ನೋಡುತ್ತೇವೆ, ಅಷ್ಟೇ. ಖರೀದಿಗೆ ಕುಳಿತ ಹುಡುಗನಿಗೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಆ ದಿನದ ಧಾರಣೆ ನೋಡಿಕೊಂಡು ಕಿಲೋಗೆ 5 ರೂಪಾಯಿ ಅತ್ತಿತ್ತ ಮಾಡುವ ಅಧಿಕಾರವಿದೆ. ಅದರಾಚೆಗೆ ಮಾತ್ರ ನನಗೆ ಫೋನ್. ಸಂಜೆಯ ನಗದು ಲೆಕ್ಕವನ್ನು ಮಾತ್ರ ನಾನೇ ನೋಡುತ್ತೇನೆ. ಅದನ್ನೂ ಬಿಡಿ ಎಂದು ಯಾರು ಹೇಳಿದರೂ ಒಪ್ಪುವವನಲ್ಲ.

ಇಂಥ ಮಿತಿಗಳನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಧಾರಣೆ ಬರೆಯುವ ಹಲಗೆಯ ಪಕ್ಕದಲ್ಲೇ ಬರೆದು ತೂಗುಹಾಕಿ.