ಎಂಟು ಶೋ ಬೇಡ, ಬೆಳಗಿನ ಲೋಕಲ್‌ಗೆ ಒಂದು ಸಾಕು

ಮುಂಬೈಯಲ್ಲಿ ಕನ್ನಡದ ಕ್ರೀಡಾ ಪಾಡ್‌ಕಾಸ್ಟ್ ನೆಟ್‌ವರ್ಕ್ ಕಟ್ಟಬೇಕೆಂದು ಹೊರಡುವವರು ಮೊದಲ ದಿನವೇ ಎಂಟು ಶೋಗಳ ಪಟ್ಟಿ ಹಾಕಿ, ಎಂಟಕ್ಕೂ ಪೋಸ್ಟರ್ ಮಾಡಿಸಿಬಿಡುತ್ತಾರೆ. ಕ್ರಿಕೆಟ್, ಕಬಡ್ಡಿ, ಫುಟ್‌ಬಾಲ್, ಹಳೆಯ ಆಟಗಾರರ ಸಂದರ್ಶನ, ಕ್ವಿಜ್, ಎಲ್ಲವೂ ಒಟ್ಟಿಗೆ. ಎರಡು ತಿಂಗಳೊಳಗೆ ಹೆಚ್ಚಿನವು ನಿಂತುಹೋಗುತ್ತವೆ, ಏಕೆಂದರೆ ಪಟ್ಟಿಯಲ್ಲಿ ಶೋ ಇತ್ತು, ರಾತ್ರಿ ಹನ್ನೆರಡಕ್ಕೆ ಎಡಿಟ್ ಮಾಡಲು ಕೂರುವ ಜನ ಇರಲಿಲ್ಲ. ನಾನು ಹೇಳುವುದಿಷ್ಟು: ಒಂದೇ ಶೋ ಹಿಡಿಯಿರಿ, ವಿಷಯವನ್ನು ಕಿರಿದು ಮಾಡಿ, ವಾರಕ್ಕೆ ಐದು ದಿನ ಬೆಳಗ್ಗೆ ತಪ್ಪದೆ ಕೊಡಿ. ಅದು ಆರು ತಿಂಗಳು ನಿಂತ ಮೇಲೆ ಎರಡನೆಯದರ ಮಾತು.

ಈ ದಾರಿಯನ್ನು ಬೇರೆಯವರು ನಡೆದು ತೋರಿಸಿದ್ದಾರೆ. 2016ರಲ್ಲಿ ಅಮೆರಿಕದಲ್ಲಿ ಎರಡು ನೆಟ್‌ವರ್ಕ್‌ಗಳು ಹುಟ್ಟಿದವು. ಬಿಲ್ ಸಿಮನ್ಸ್ ಕಟ್ಟಿದ ದಿ ರಿಂಗರ್ ಆಗಲೇ ಹೆಸರು ಮಾಡಿದ್ದ ಮಾತುಗಾರರ ಬಲದ ಮೇಲೆ ಬೆಳೆಯಿತು, 2020ರಲ್ಲಿ ಅದನ್ನು ಸ್ಪಾಟಿಫೈ ಕೊಂಡುಕೊಂಡಿತು. ಯೂಟಾ ಜಾಝ್ ಬ್ಯಾಸ್ಕೆಟ್‌ಬಾಲ್ ತಂಡದ ರೇಡಿಯೊ ಕಾಮೆಂಟೇಟರ್ ಡೇವಿಡ್ ಲಾಕ್ ಶುರು ಮಾಡಿದ ಲಾಕ್ಡ್ ಆನ್ ಹಿಡಿದದ್ದು ಬೇರೆ ಹಾದಿ. ಒಂದು ತಂಡಕ್ಕೆ ಒಂದು ಶೋ, ವಾರದ ದಿನಗಳಲ್ಲಿ ದಿನಾಲೂ, ಹೆಚ್ಚುಕಡಿಮೆ ಅರ್ಧ ಗಂಟೆ, ಆ ತಂಡವನ್ನು ಹತ್ತಿರದಿಂದ ಬಲ್ಲ ನಿರೂಪಕ. 2021ರಲ್ಲಿ ಅದನ್ನು ಟೆಗ್ನಾ ಎಂಬ ಟಿವಿ ಕಂಪನಿ ಕೊಂಡಿತು. ಮುಂಬೈ ಕನ್ನಡಿಗರ ಕೈಯಲ್ಲಿ ದೊಡ್ಡ ಹೆಸರುಗಳಿಲ್ಲ, ಆದರೆ ಹತ್ತಿರದ ತಿಳಿವಳಿಕೆ ಬೇಕಾದಷ್ಟಿದೆ. ಹಾಗಾಗಿ ನಮಗೆ ಒಗ್ಗುವುದು ಎರಡನೆಯ ಹಾದಿ.

ಯಾವ ವಿಷಯ? ಬರೀ ಐಪಿಎಲ್ ಚರ್ಚೆಯ ಇನ್ನೊಂದು ಶೋ ಅಂತೂ ಬೇಡ. ಅದನ್ನು ಬೆಂಗಳೂರಿನಲ್ಲಿ ಕೂತವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಮುಂಬೈ ಮೈದಾನಗಳ ಕ್ರಿಕೆಟ್ಟನ್ನು ಕನ್ನಡದ ಕಿವಿಗೆ ಹೇಳುವುದು ಮಾತ್ರ ಇಲ್ಲಿಂದಲೇ ಆಗಬೇಕಾದ ಕೆಲಸ. ಆಜಾದ್ ಮೈದಾನದಲ್ಲಿ ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಪಿಚ್ ಪಕ್ಕದಲ್ಲೇ ನಿಂತಿರುತ್ತಾನೆ. 1948ರಲ್ಲಿ ಶುರುವಾದ ಕಾಂಗಾ ಲೀಗ್ ಮಳೆಗಾಲಕ್ಕೆಂದೇ ಹುಟ್ಟಿದ ಲೀಗ್. ಒದ್ದೆ ಪಿಚ್ಚಿನಲ್ಲಿ ಬ್ಯಾಟ್ ಬೀಸುವ ಪಾಠ ಮುಂಬೈ ಹುಡುಗರಿಗೆ ಅಲ್ಲಿ ಆಗುತ್ತದೆ. ಮೂಲ್ಕಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ಬುಧಿ ಕುಂದರನ್ ರಣಜಿ ಆಡುವುದಕ್ಕೂ ಮೊದಲೇ ಭಾರತಕ್ಕೆ ಟೆಸ್ಟ್ ಆಡಿದರು, 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದರು. 1958-59ರಿಂದ ಸತತ 15 ವರ್ಷ ರಣಜಿ ಗೆದ್ದ ಬಾಂಬೆಯ ಓಟ ನಿಂತದ್ದು 1973-74ರ ಸೆಮಿಫೈನಲ್‌ನಲ್ಲಿ, ನಿಲ್ಲಿಸಿದ್ದು ಕರ್ನಾಟಕ. 2010ರಲ್ಲಿ ಮೈಸೂರಿನ ಫೈನಲ್‌ನಲ್ಲಿ ಮುಂಬೈ ತಂಡ ಕರ್ನಾಟಕವನ್ನು ಬರೀ 6 ರನ್‌ಗಳಿಂದ ಸೋಲಿಸಿತು. ಈ ಎರಡು ತಂಡಗಳ ನಡುವೆ ಮನಸ್ಸು ಹಂಚಿಹೋದವರು ಡೊಂಬಿವಲಿ, ಮೀರಾ ರೋಡ್, ಭಾಂಡೂಪಿನ ಮನೆಮನೆಯಲ್ಲಿ ಇದ್ದಾರೆ. ಅಪ್ಪ ಕರ್ನಾಟಕದ ಕಡೆ, ಮಗ ಮುಂಬೈ ಕಡೆ. ನಿಮ್ಮ ಕೇಳುಗರು ಆ ಅಪ್ಪ ಮತ್ತು ಆ ಮಗ.

ಕೇಳುವ ಜಾಗ ಲೋಕಲ್ ಟ್ರೇನು. ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಅಂಧೇರಿಯಿಂದ ಚರ್ಚ್‌ಗೇಟಿಗೆ ಮುಕ್ಕಾಲು ಗಂಟೆಯ ಒಳಗೆ, ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಗಂಟೆಯ ಮೇಲೆ. ಆದರೆ ಪ್ಲಾಟ್‌ಫಾರ್ಮಿನ ನೂಕುನುಗ್ಗಲು, ಹತ್ತುವುದು, ಇಳಿಯುವುದು ಕಳೆದರೆ ನೆಮ್ಮದಿಯಿಂದ ಕೇಳಲು ಸಿಗುವುದು 20ರಿಂದ 25 ನಿಮಿಷ. ಎಪಿಸೋಡ್ 22 ನಿಮಿಷಕ್ಕೆ ಮುಗಿಯಲಿ. ಒಂದು ನಿಮಿಷ ಸುದ್ದಿಯ ಸಾರ, ಎಂಟು ನಿಮಿಷ ನಿನ್ನೆಯ ದೊಡ್ಡ ಪಂದ್ಯ, ಏಳು ನಿಮಿಷ ಮೈದಾನದ ಸುದ್ದಿ, ನಾಲ್ಕು ನಿಮಿಷ ಕೇಳುಗರ ವಾಟ್ಸ್‌ಆ್ಯಪ್ ಧ್ವನಿ, ಉಳಿದದ್ದು ಜಾಹೀರಾತು ಮತ್ತು ನಾಳೆಯ ಪಂದ್ಯ. ಕೇಳುಗರ ಧ್ವನಿ 30 ಸೆಕೆಂಡ್ ದಾಟದಿರಲಿ, ಮೊದಲು ಊರಿನ ಹೆಸರು ಹೇಳಿಸಿ. "ನಾನು ಕಲ್ವಾದಿಂದ" ಎಂಬ ಒಂದು ಮಾತು ಕಲ್ವಾದಲ್ಲಿ ಹತ್ತು ಜನರನ್ನು ಕಟ್ಟಿಕೊಡುತ್ತದೆ.

ಸಮಯದ ಲೆಕ್ಕ ಬಹಳ ಬಿಗಿ. ಐಪಿಎಲ್ ರಾತ್ರಿ ಪಂದ್ಯ 7:30ಕ್ಕೆ ಶುರುವಾಗಿ ಮುಗಿಯುವಾಗ ಹನ್ನೊಂದು ದಾಟಿರುತ್ತದೆ. 11:30ಕ್ಕೆ ರೆಕಾರ್ಡಿಂಗ್, 12ಕ್ಕೆ ಎಡಿಟಿಂಗ್, 1 ಗಂಟೆಗೆ ಅಪ್‌ಲೋಡ್, ಫೀಡ್‌ನಲ್ಲಿ, ಅಂದರೆ ಆ್ಯಪ್‌ಗಳು ನೋಡಿಕೊಳ್ಳುವ ಎಪಿಸೋಡ್‌ಗಳ ಪಟ್ಟಿಯಲ್ಲಿ, ಕಾಣಿಸುವ ಸಮಯ ಬೆಳಗಿನ 4. ಬೆಳಗ್ಗೆ 8ಕ್ಕೆ ಹಾಕಿದರೆ ತಡವಾಯಿತು. ಆ್ಯಪ್‌ಗಳು ಫೀಡನ್ನು ಆಗಾಗ ಬಂದು ನೋಡುತ್ತವೆಯೇ ಹೊರತು ನೀವು ಹಾಕಿದ ಕ್ಷಣವೇ ಓಡಿಬರುವುದಿಲ್ಲ. ಮನೆಯ ವೈಫೈನಲ್ಲಿ ಫೋನು ಚಾರ್ಜಿಗಿಟ್ಟಿರುವಾಗಲೇ ಎಪಿಸೋಡ್ ಇಳಿದಿರಬೇಕು, ಗುಂಪಿನಲ್ಲಿ ನಿಂತಾಗ ಡೇಟಾ ಕೈಕೊಡುತ್ತದೆ. ಇಷ್ಟನ್ನು ಒಬ್ಬರೇ ಮಾಡಲಾಗದು. ಇಬ್ಬರು ನಿರೂಪಕರು ಸರದಿಯಲ್ಲಿ, ಎಡಿಟಿಂಗಿಗೆ ಒಬ್ಬರು, ಫೀಡ್ ಮತ್ತು ಪ್ರಾಯೋಜಕರನ್ನು ನೋಡಿಕೊಳ್ಳಲು ಒಬ್ಬರು, ಹೀಗೆ ನಾಲ್ವರು ಬೇಕೇ ಬೇಕು. ಎಲ್ಲರೂ ಹಗಲು ನೌಕರಿ ಮಾಡುವವರು ಎಂಬುದನ್ನು ನೆನಪಿಟ್ಟೇ ಸರದಿ ಹಾಕಿ.

ಮೈಕಿಗೆ ದುಡ್ಡು ಸುರಿಯುವವರನ್ನು ಕಂಡರೆ ನಿಜಕ್ಕೂ ಬೇಸರವಾಗುತ್ತದೆ. ಶೂರ್ ಎಸ್‌ಎಂ7ಬಿ ಎಲ್ಲ ವಿಡಿಯೊಗಳಲ್ಲೂ ಕಾಣುತ್ತದೆ ಎಂದು ಅದನ್ನೇ ಕೊಳ್ಳುತ್ತಾರೆ. ಅದಕ್ಕೆ ಸುಮಾರು 60 ಡೆಸಿಬೆಲ್ ಗೇನ್, ಅಂದರೆ ದನಿಯನ್ನು ಹಿಗ್ಗಿಸುವ ಬಲ ಬೇಕು, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸ್ ಅಷ್ಟು ಕೊಡುವಾಗ ಹಿಂದಿನಿಂದ ಶ್‌ ಎನ್ನುವ ಸದ್ದು ಏಳುತ್ತದೆ. ವೇದಿಕೆಯ ಮೇಲೆ ದಿನಾ ಕಾಣುವ ಎಸ್‌ಎಂ58 ಸಾಕು, ಇಲ್ಲವೇ ಯುಎಸ್‌ಬಿಯಿಂದ ನೇರ ಲ್ಯಾಪ್‌ಟಾಪಿಗೆ ಚುಚ್ಚುವ ಸ್ಯಾಮ್‌ಸನ್ ಕ್ಯೂ2ಯು. ಎರಡೂ ಡೈನಮಿಕ್ ಮೈಕ್, ಹತ್ತಿರದ ದನಿಯನ್ನೇ ಹೆಚ್ಚಾಗಿ ಹಿಡಿಯುವಂಥವು. ಕಂಡೆನ್ಸರ್ ಮೈಕ್ ಮುಂಬೈ ಫ್ಲ್ಯಾಟಿಗೆ ಆಗಿಬರುವುದಿಲ್ಲ. ಪಕ್ಕದ ಮನೆಯ ಕುಕ್ಕರ್ ಸೀಟಿ, ಕೆಳಗಿನ ರಿಕ್ಷಾ ಹಾರ್ನ್, ಜೂನ್ ಬಂದರೆ ಕಿಟಕಿಯ ತಗಡಿನ ಮೇಲೆ ಮಳೆ, ಎಲ್ಲವನ್ನೂ ಎತ್ತಿಕೊಳ್ಳುತ್ತದೆ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿ ಇರಲಿ. ಬುಮ್ರಾ, ಪಾಂಡ್ಯ, ಭುವನೇಶ್ವರ್ ಎನ್ನುವಾಗ ಬಾಯಿಂದ ಗಾಳಿ ಜೋರಾಗಿ ಹೊರಡುತ್ತದೆ, ಮೈಕ್ ನೇರ ಎದುರಿದ್ದರೆ ಡಬ್ ಎಂದು ಹೊಡೆಯುತ್ತದೆ. ಫ್ಯಾನ್ ನಿಲ್ಲಿಸಿ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರತ್ತ ಮುಖ ಮಾಡಿ ಮಾತಾಡಿ, ಪ್ರತಿಧ್ವನಿ ಅರ್ಧಕ್ಕರ್ಧ ಸಾಯುತ್ತದೆ. ಬ್ಲೂಟೂತ್ ಇಯರ್‌ಫೋನಿನ ಮೈಕಲ್ಲಿ ರೆಕಾರ್ಡ್ ಮಾಡಬೇಡಿ, ಅದು ಫೋನ್ ಕರೆಯ ಗುಣಮಟ್ಟಕ್ಕೆ ಇಳಿದುಬಿಡುತ್ತದೆ.

ಇಬ್ಬರೂ ಬೇರೆ ಬೇರೆ ಊರಲ್ಲಿದ್ದರೆ, ಒಬ್ಬರು ಠಾಣೆ ಇನ್ನೊಬ್ಬರು ಪುಣೆ ಎನ್ನಿ, ಅವರವರ ಕಡೆಯಲ್ಲೇ ರೆಕಾರ್ಡ್ ಮಾಡಿಕೊಂಡು ಆಮೇಲೆ ಜೋಡಿಸಿ. ಕರೆಯಲ್ಲಿ ಬಂದ ಧ್ವನಿಯನ್ನು ಬಳಸಬೇಡಿ. ಶುರುವಿನಲ್ಲೊಂದು ಕೊನೆಯಲ್ಲೊಂದು ಚಪ್ಪಾಳೆ ತಟ್ಟಿ. ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಹೆಚ್ಚುಕಡಿಮೆಯಾಗಿರುತ್ತದೆ. ಎರಡು ಚಪ್ಪಾಳೆ ಇದ್ದರೆ ಎಳೆದು ಸರಿಹೊಂದಿಸಬಹುದು. 48 ಕಿಲೋಹರ್ಟ್ಸ್, 24 ಬಿಟ್ ಮೋನೊ (ಒಂದೇ ಚಾನೆಲ್‌ನ) ವೇವ್ ಫೈಲ್ ನಿಮಿಷಕ್ಕೆ 8.6 ಎಂಬಿಯಷ್ಟಾಗುತ್ತದೆ. ಇಬ್ಬರ 30 ನಿಮಿಷ ಸೇರಿ 518 ಎಂಬಿ, ವಾರಕ್ಕೆ ಐದಾದರೆ ಎರಡೂವರೆ ಜಿಬಿ. ಹಾರ್ಡ್‌ಡಿಸ್ಕ್ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಎಡಿಟಿಂಗಿನಲ್ಲಿ ಕ್ರಮ ತಪ್ಪಿದರೆ ಎಲ್ಲ ಕೆಡುತ್ತದೆ. ಮೊದಲು 80 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿ, ಫ್ಯಾನು ಮತ್ತು ರಸ್ತೆಯ ಗುಂಯ್‌ಗುಡುವಿಕೆ ಬಹುಪಾಲು ಅಲ್ಲೇ ಇರುತ್ತದೆ. ಆಮೇಲೆ ನಾಯ್ಸ್ ತೆಗೆಯುವುದು, ಆಮೇಲೆ ಜೋರು ದನಿಗೂ ಮೆಲುದನಿಗೂ ನಡುವಿನ ಅಂತರ ತಗ್ಗಿಸುವ 3:1 ಕಂಪ್ರೆಸರ್, ಕೊನೆಗೆ ಲೌಡ್‌ನೆಸ್, ಅಂದರೆ ಒಟ್ಟು ದನಿಯ ಮಟ್ಟ. ಕಂಪ್ರೆಸರ್ ಮೊದಲು ಹಾಕಿದರೆ ಮಾತಿನ ನಡುವಿನ ಗದ್ದಲವೂ ಮೇಲೆದ್ದು ಬರುತ್ತದೆ, ಆಗ ನಾಯ್ಸ್ ತೆಗೆಯಲು ಹೋದರೆ ದನಿ ನೀರೊಳಗಿಂದ ಬಂದಂತಾಗುತ್ತದೆ. ಆ್ಯಪಲ್ ತನ್ನ ಪಾಡ್‌ಕಾಸ್ಟ್ ಆ್ಯಪ್‌ಗೆ ಹೇಳುವ ಮಟ್ಟ ಮೈನಸ್ 16 ಲಫ್ಸ್ (ದನಿ ಎಷ್ಟು ಜೋರು ಎಂದು ಅಳೆಯುವ ಮಾನ), ದನಿಯ ಅತಿ ಎತ್ತರದ ತುದಿ, ಅಂದರೆ ಪೀಕ್, ಮೈನಸ್ 1 ಡೆಸಿಬೆಲ್ ದಾಟಬಾರದು. ಇದನ್ನು ಬರೀ ನಿಯಮ ಎಂದುಕೊಳ್ಳಬೇಡಿ. ಬಾಗಿಲು ತೆರೆದೇ ಓಡುವ ಲೋಕಲ್‌ನಲ್ಲಿ ಒಬ್ಬ ನಿರೂಪಕನ ದನಿ ಮೆಲ್ಲಗೆ ಇನ್ನೊಬ್ಬರದು ಜೋರು ಇದ್ದರೆ ಕೇಳುಗ ಕೈ ಎತ್ತಿ ವಾಲ್ಯೂಮ್ ಸರಿಮಾಡಲೂ ಜಾಗವಿರುವುದಿಲ್ಲ, ಕೆಳಗಿಳಿದ ಮೇಲೆ ಶೋ ತೆಗೆದೇ ಹಾಕುತ್ತಾನೆ. ಕೊನೆಗೆ 64 ಕೆಬಿಪಿಎಸ್ ಮೋನೊ ಎಂಪಿ3 ಮಾಡಿ. 22 ನಿಮಿಷಕ್ಕೆ ಹತ್ತೂವರೆ ಎಂಬಿ. ಇಬ್ಬರು ಮಾತಾಡುವುದಕ್ಕೆ ಸ್ಟೀರಿಯೊ ಯಾಕೆ ಬೇಕು?

ಭಾಷೆಯ ಬಗ್ಗೆ ಒಂದು ಮಾತು. ಮುಂಬೈಯಲ್ಲಿ ಕುಂದಾಪುರದವರಿದ್ದಾರೆ, ವಿಜಯಪುರ ಕಲಬುರಗಿಯವರಿದ್ದಾರೆ, ಮನೆಯಲ್ಲಿ ತುಳು ಆಡುವವರಿದ್ದಾರೆ. ಅವರವರ ಕನ್ನಡದಲ್ಲೇ ನಿರೂಪಕರು ಮಾತಾಡಲಿ, ಯಾರನ್ನೂ ತಿದ್ದಬೇಡಿ. ಪತ್ರಿಕೆಯಲ್ಲಿ ಚೆನ್ನಾಗಿ ಕಾಣುವ ದಾಂಡಿಗ ಕಿವಿಗೆ ಬಿದ್ದಾಗ ಗಡಸು, ಬ್ಯಾಟರ್ ಎಂದರೇ ಸಲೀಸು. ಅಂಕಿಗಳನ್ನೂ ಹತೋಟಿಯಲ್ಲಿಡಿ. ಒಂದು ಉಸಿರಿನಲ್ಲಿ ರನ್, ಎಸೆತ, ಸ್ಟ್ರೈಕ್ ರೇಟ್, ಸರಾಸರಿ ಎಲ್ಲ ಓದಿದರೆ ಕೇಳುಗನಿಗೆ ಒಂದೂ ಉಳಿಯುವುದಿಲ್ಲ. ಟಿವಿ ಕಾಮೆಂಟರಿಯ ತುಣುಕು ಹಾಕಲೇಬೇಡಿ, ಅದು ಪ್ರಸಾರಕರ ಸೊತ್ತು. ತಂಡದ ಲೋಗೊ ಕವರ್ ಮೇಲೆ ಬೇಡ. ಸಿನಿಮಾ ಹಾಡಂತೂ ಬೇಡವೇ ಬೇಡ.

ಫೀಡ್ ತುಂಬುವಾಗ ಭಾಷೆಯ ಜಾಗದಲ್ಲಿ ಕನ್ನಡವನ್ನೇ ಆರಿಸಿ, ಶೋ ಹೆಸರನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಕೊಡಿ, ನಮ್ಮವರು ಹುಡುಕುವುದು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲಿ. ಕವರ್ ಚಿತ್ರ 3000 ಪಿಕ್ಸೆಲ್ ಚೌಕ. ಆ್ಯಪಲ್‌ನ ಕ್ರೀಡಾ ವಿಭಾಗದಲ್ಲಿ ಕ್ರಿಕೆಟಿಗೆ ಜಾಗವಿದೆ, ಕಬಡ್ಡಿಗೆ ಇಲ್ಲ. ಅಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕದವರ ಆಟ. ಎಫ್‌ಸಿ ಗೋವಾ ಬಗ್ಗೆ ಮಾತಾಡುವ ಶೋ ಸಾಕರ್ ಎಂಬಲ್ಲಿಗೆ ಹೋಗಬೇಕು. ಗೋವಾದ ಗೆಳೆಯರು ಇದನ್ನು ಗಮನಿಸಿ.

ಡೌನ್‌ಲೋಡ್ ಅಂಕಿ ನೋಡಿ ಹಿಗ್ಗುವ ಮೊದಲು ಅದು ಹೇಗೆ ಹುಟ್ಟುತ್ತದೆ ತಿಳಿಯಿರಿ. ಜಾಹೀರಾತು ಉದ್ಯಮದ ಐಎಬಿ ನಿಯಮದ ಪ್ರಕಾರ ಕನಿಷ್ಠ 60 ಸೆಕೆಂಡಿನಷ್ಟು ಆಡಿಯೊ ಇಳಿದರೆ ಒಂದು ಡೌನ್‌ಲೋಡ್. ಅದೇ ಐಪಿ ವಿಳಾಸದಿಂದ ಅದೇ ಆ್ಯಪ್ 24 ಗಂಟೆಯೊಳಗೆ ಮತ್ತೆ ಇಳಿಸಿಕೊಂಡರೆ ಎರಡನೆಯದು ಲೆಕ್ಕಕ್ಕಿಲ್ಲ. ಇಳಿದದ್ದೆಲ್ಲ ಕೇಳಿದ್ದಲ್ಲ. 2023ರ ಸೆಪ್ಟೆಂಬರಿನಲ್ಲಿ ಐಫೋನಿನ ಐಒಎಸ್ 17 ಬಂದಾಗ, ಬಿಟ್ಟುಹೋದ ಹಳೆಯ ಎಪಿಸೋಡ್‌ಗಳನ್ನು ತಾನಾಗಿ ಇಳಿಸಿಕೊಳ್ಳುವುದು ನಿಂತಿತು. ದಿನಾ ಬರುವ ಶೋಗಳ ಅಂಕಿ ಅದರಿಂದ ಕುಸಿಯಿತು, ಕೇಳುವವರು ಕಡಿಮೆಯಾಗಿರಲಿಲ್ಲ. ಹಾಗಾಗಿ ಎಷ್ಟು ಜನ ಕೊನೆಯವರೆಗೆ ಕೇಳಿದರು ಎಂದು ತೋರಿಸುವ ಗ್ರಾಫಿನ ಗೆರೆಯನ್ನು ನೋಡಿ. ಮೂರನೇ ನಿಮಿಷಕ್ಕೇ ಗೆರೆ ಬಿದ್ದರೆ ನಿಮ್ಮ ಪೀಠಿಕೆ ಉದ್ದವಾಯಿತು ಎಂದರ್ಥ. ಕನ್ನಡ ಸಂಘದ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಎಂಪಿ3 ಫೈಲನ್ನೇ ಕಳಿಸಿದರೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಲಿಂಕ್ ಕಳಿಸಿ.

ದುಡ್ಡು. ಸಾವಿರ ಡೌನ್‌ಲೋಡಿಗೆ 200 ರೂಪಾಯಿ ದರ ಎಂದು ಇಟ್ಟುಕೊಳ್ಳೋಣ. ಎಪಿಸೋಡಿಗೆ 800, ತಿಂಗಳಿಗೆ 20 ಎಪಿಸೋಡ್, ಒಟ್ಟು 16,000 ಡೌನ್‌ಲೋಡ್, ಕೈಗೆ 3,200 ರೂಪಾಯಿ. ನಾಲ್ವರ ರಾತ್ರಿಪಾಳಿಗೆ ಇದು ಏನೂ ಅಲ್ಲ. ಮೊದಲು ಕ್ರೀಡಾ ಶೋಗಳ ಹಿಂದೆ, ಹಣ ಕಟ್ಟಿ ಕಾಲ್ಪನಿಕ ತಂಡ ಆಡಿಸುವ ಫ್ಯಾಂಟಸಿ ಆ್ಯಪ್‌ಗಳ ಹಣ ಓಡಾಡುತ್ತಿತ್ತು. 2025ರ ಆಗಸ್ಟಿನ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಭಾರತ ತಂಡದ ಜೆರ್ಸಿ ಮೇಲಿದ್ದ ಡ್ರೀಮ್11 ಕೂಡ ಹಿಂದೆ ಸರಿಯಿತು. ಆ ಹಣ ಹೋದದ್ದು ಒಳ್ಳೆಯದೇ ಆಯಿತು ಎಂದು ನಾನು ನಂಬುತ್ತೇನೆ, ಬೆಟ್ಟಿಂಗ್ ಹಣದಲ್ಲಿ ನಿಂತ ಶೋ ಕೇಳುಗನ ಪರವಾಗಿ ಮಾತಾಡಲಾರದು. ಡೌನ್‌ಲೋಡಿನ ಲೆಕ್ಕ ಬಿಟ್ಟು ತಿಂಗಳ ಲೆಕ್ಕಕ್ಕೆ ಬನ್ನಿ. ಮಾಟುಂಗದ ಹೋಟೆಲಿನವರು, ಕೇಟರಿಂಗ್‌ನವರು, ಮಂಗಳೂರು ಬಸ್ಸಿನವರು, ಇವರಿಗೆ ಬೇಕಾದ ಗಿರಾಕಿಗಳೇ ನಿಮ್ಮ ಕೇಳುಗರು. ತಿಂಗಳಿಗೆ 5,000ದಂತೆ ಮೂವರನ್ನು ಹಿಡಿಯಿರಿ, ಮೂರು ತಿಂಗಳ ಹಣ ಮುಂಗಡ. ನಿರೂಪಕನೇ ತನ್ನ ಮಾತಿನಲ್ಲಿ 40 ಸೆಕೆಂಡ್ ಹೇಳಲಿ, ಪಂದ್ಯದ ಭಾಗ ಮುಗಿದ ಮೇಲೆ, ಮೈದಾನದ ಸುದ್ದಿಗೆ ಮೊದಲು.

ಇನ್ನೊಂದು, ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ: ಫೀಡ್ ಯಾರದು? ಫೀಡ್ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಲು ಪ್ಲಾಟ್‌ಫಾರ್ಮ್‌ಗಳು ಕೋಡ್ ಕಳಿಸುವುದು ಫೀಡ್‌ನೊಳಗಿನ ಇಮೇಲಿಗೆ. ಅದು ಒಬ್ಬ ಸ್ವಯಂಸೇವಕನ ಸ್ವಂತ ಇಮೇಲ್ ಆಗಿದ್ದು, ಅವನು ದುಬೈಗೆ ಹೋದರೆ ಶೋ ಕೂಡ ಹೋದಂತೆ. ನೆಟ್‌ವರ್ಕಿನ ಹೆಸರಿನ ಇಮೇಲ್, ಇಬ್ಬರಿಗೆ ಪಾಸ್‌ವರ್ಡ್, ಒಂದು ಪುಟದ ಒಪ್ಪಂದ. ಹೋಸ್ಟಿಂಗ್, ಅಂದರೆ ಎಪಿಸೋಡ್‌ಗಳನ್ನು ಇಟ್ಟಿರುವ ಸೇವೆಯನ್ನು, ಬದಲಿಸುವಾಗ ಹಳೆಯ ವಿಳಾಸಕ್ಕೆ ಬಂದ ಆ್ಯಪ್‌ಗಳನ್ನು ತಾನಾಗಿ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿಸಿ, ಕನಿಷ್ಠ ನಾಲ್ಕು ವಾರ ಇಡಿ. ಪ್ರತಿ ಎಪಿಸೋಡಿನ ಜಿಯುಐಡಿ ಎಂಬ ಗುರುತು ಬದಲಾಗಬಾರದು. ಬದಲಾದರೆ ಹಳೆಯ ಎಪಿಸೋಡ್‌ಗಳೆಲ್ಲ ಹೊಸವೆಂದು ಕೇಳುಗರ ಫೋನಿನಲ್ಲಿ ಮತ್ತೊಮ್ಮೆ ಬಂದು ಬೀಳುತ್ತವೆ. ಯಾವುದೋ ಒಂದೇ ಆ್ಯಪನ್ನು ನಂಬಿ ಕೂರುವುದೂ ತಪ್ಪು. ಸ್ಟಿಚರ್ 2023ರಲ್ಲಿ, ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿದವು. ಫೀಡ್ ಕೈಲಿದ್ದವರು ಉಳಿದರು.

ಎರಡನೇ ಶೋ ಕಬಡ್ಡಿಯದಾಗಲಿ. ಕರಾವಳಿಗೂ ಉತ್ತರ ಕರ್ನಾಟಕಕ್ಕೂ ಆ ಆಟ ಸೇರಿದ್ದು, ಪ್ರೊ ಕಬಡ್ಡಿ ತಂಡಗಳೂ ಹತ್ತಿರದಲ್ಲೇ, ಇಲ್ಲಿ ಯು ಮುಂಬಾ, ಪಕ್ಕದಲ್ಲಿ ಪುಣೇರಿ ಪಲ್ಟನ್. ಅದಕ್ಕೆ ಹೊಸ ಫೀಡ್ ತೆರೆಯುವ ಆತುರ ಬೇಡ. ಕ್ರಿಕೆಟ್ ಶೋದ ಫೀಡ್‌ನಲ್ಲೇ ನಾಲ್ಕು ಶನಿವಾರ ಒಂದೊಂದು ಕಬಡ್ಡಿ ಎಪಿಸೋಡ್ ಹಾಕಿ. ನಾಲ್ಕನೆಯದರ ಕೊನೆಯ ನಿಮಿಷದವರೆಗೆ ಅರ್ಧದಷ್ಟು ಜನ ಉಳಿದಿದ್ದರೆ, ಐದನೇ ಶನಿವಾರ ಹೊಸ ಫೀಡ್.