ಐದು ಸ್ಟಾರಿನ ಏಜೆನ್ಸಿ, ನಮ್ಮ ಚದರಡಿಯ ಚಿಂತೆ

ನಮ್ಮ ಅಪಾರ್ಟ್‌ಮೆಂಟಿನ ನಿರ್ವಹಣೆಯನ್ನು ಹೊಸ ಏಜೆನ್ಸಿಗೆ ವಹಿಸುವ ಕುರಿತು ಭಾನುವಾರ ನಡೆದ ಸಭೆಯಲ್ಲಿ ಸಮಿತಿಯವರು ಪರದೆಯ ಮೇಲೆ ಒಂದು ತುಲನಾ ಪಟ್ಟಿಯನ್ನು ತೋರಿಸಿದರು. ದರ, ಸಿಬ್ಬಂದಿಯ ಸಂಖ್ಯೆ, ಅನುಭವ ಮುಂತಾದ ಕಾಲಂಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ‘ಗೂಗಲ್ ರೇಟಿಂಗ್’ ಎಂಬ ಕಾಲಂ ಇತ್ತು. ಒಂದು ಏಜೆನ್ಸಿಯ ಎದುರು 4.8 ಎಂಬುದು ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಅಲ್ಲಿಯವರೆಗೆ ಚದರಡಿಗೆ 25 ಪೈಸೆಯ ವ್ಯತ್ಯಾಸಕ್ಕಾಗಿ ಗಂಟಲು ಹರಿದುಕೊಳ್ಳುತ್ತಿದ್ದ ಸಭೆ ಆ ಸಂಖ್ಯೆಯನ್ನು ಕಂಡೊಡನೆ ಗುಡಿಯೊಳಗೆ ಬಂದವರಂತೆ ಶಾಂತವಾಯಿತು. ಈ ರಿವ್ಯೂಗಳನ್ನು ಬರೆದವರು ಯಾರು ಎಂದು ನಾನು ಕೇಳಿದೆ. ‘ಮೇಡಂ, ಅಷ್ಟೊಂದು ಜನ ಸೇರಿ ಸುಳ್ಳು ಹೇಳುತ್ತಾರೆಯೇ?’ ಎಂಬ ಉತ್ತರ ಬಂತು, ಅದರ ಬೆನ್ನಿಗೇ ಕಾಫಿಯೂ ಬಂತು.

ಹೇಳುತ್ತಾರೆ. ನಿವೃತ್ತಿಯಾಗುವವರೆಗೂ ಬ್ಯಾಂಕಿನ ತಪಾಸಣಾ ವಿಭಾಗದಲ್ಲಿದ್ದು, ಊರೂರಿನ ಶಾಖೆಗಳಲ್ಲಿ ಕುಳಿತು ಅನ್ಯರ ವೋಚರುಗಳನ್ನು ಓದಿಯೇ ಕಣ್ಣು ಕೆಡಿಸಿಕೊಂಡವಳು ನಾನೆಂಬುದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಒಂದೇ ಪೆನ್ನಿನಲ್ಲಿ, ಒಂದೇ ಮಧ್ಯಾಹ್ನ, ಬೇರೆ ಬೇರೆ ಹೆಸರಿನಲ್ಲಿ ಬಿದ್ದ ಸಹಿಗಳನ್ನು ಕಂಡರೆ ಮೈ ಉರಿಯುವ ಚಟ ನನಗೆ ಪಿಂಚಣಿಯ ಜೊತೆಗೇ ಬಂದಿದೆ. ಆದ್ದರಿಂದ ಮನೆಗೆ ಬಂದವಳೇ ಊಟವನ್ನು ಮುಂದಕ್ಕೆ ಹಾಕಿ, ಆ ಏಜೆನ್ಸಿಯ ರಿವ್ಯೂಗಳನ್ನು ಹೊಸತರಿಂದ ಹಳತಿನ ಕಡೆಗೆ ಹೊಂದಿಸಿಕೊಂಡು ಓದುತ್ತ ಕುಳಿತೆ. ಗೂಗಲ್ ತಾನಾಗಿ ಜೋಡಿಸಿಕೊಡುವ ಕ್ರಮದಲ್ಲಿ ಓದಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಾಲಕ್ರಮದಲ್ಲಿ ಓದಿದಾಗ ಮಾತ್ರ ತಿಂಗಳುಗಟ್ಟಲೆ ಏನೂ ಇಲ್ಲದೆ, ಒಂದೇ ವಾರದಲ್ಲಿ ಐದು ಸ್ಟಾರಿನ ಸಾಲು ಸಾಲು ಸುರಿದಿರುವುದು ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಅರ್ಧದಷ್ಟಕ್ಕೆ ಒಂದಕ್ಷರದ ಬರಹವೂ ಇಲ್ಲ. ಉಳಿದವುಗಳಲ್ಲಿ ‘ಅತ್ಯುತ್ತಮ ಸೇವೆ, ವೃತ್ತಿಪರ ತಂಡ’ ಎಂಬ ಒಂದೇ ವಾಕ್ಯ ಅಲ್ಪವಿರಾಮದ ಸ್ಥಾನವನ್ನೂ ಬದಲಿಸದೆ ಮರಳಿ ಮರಳಿ ಬರುತ್ತದೆ. ಬರೆದವರ ಹೆಸರಿನ ಮೇಲೆ ಬೆರಳಿಟ್ಟು ನೋಡಿದರೆ, ಆ ಮಹನೀಯರು ಪುಣೆಯ ದಂತವೈದ್ಯರಿಗೂ, ಗುರುಗ್ರಾಮದ ಸಾಮಾನು ಸಾಗಣೆಯವರಿಗೂ, ಇಂದೋರಿನ ಡ್ರೈವಿಂಗ್ ಶಾಲೆಗೂ ಐದೈದು ಸ್ಟಾರು ಕೊಟ್ಟು, ನಡುವೆ ಬಿಡುವು ಮಾಡಿಕೊಂಡು ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಕೊಳಾಯಿ ರಿಪೇರಿಯನ್ನೂ ಮೆಚ್ಚಿ ಹೋಗಿರುತ್ತಾರೆ. ಇಷ್ಟು ಊರು ಸುತ್ತುವವರಿಗೆ ಹಲ್ಲುನೋವು ಬರುವುದು ಸಹಜವೇ.

ಅವುಗಳಲ್ಲಿ ಒಂದು ರಿವ್ಯೂ ನನ್ನ ತಾಳ್ಮೆಯನ್ನು ಪೂರ್ತಿ ಕೆಡಿಸಿತು. ಆ ಏಜೆನ್ಸಿ ನೋಡಿಕೊಳ್ಳುವ ವೈಟ್‌ಫೀಲ್ಡ್ ಕಡೆಯ ಒಂದು ಸಮುಚ್ಚಯದ ನಿವಾಸಿ ಎಂದು ಹೇಳಿಕೊಂಡವರು, 2024ರ ಬೇಸಿಗೆಯಲ್ಲಿಯೂ ತಮ್ಮಲ್ಲಿ ಒಂದು ದಿನವೂ ನೀರಿನ ಪೂರೈಕೆ ನಿಂತಿರಲಿಲ್ಲವೆಂದು ಬರೆದಿದ್ದರು. ಆ ಮಾರ್ಚ್ ತಿಂಗಳಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತ್ತು; 12,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರಿನೊಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾದ ಪರಿಸ್ಥಿತಿ ಬಂದಿತ್ತು. ನನ್ನ ಅಕ್ಕನ ಮಗಳು ಅದೇ ಸಮುಚ್ಚಯದ ಏಳನೆಯ ಮಹಡಿಯಲ್ಲಿದ್ದಾಳೆ. ಆ ದಿನಗಳಲ್ಲಿ ಅವಳು ಬಟ್ಟೆಯ ಗಂಟು ಹೊತ್ತುಕೊಂಡು ನಮ್ಮ ಮನೆಗೆ ಒಗೆಯಲು ಬರುತ್ತಿದ್ದುದನ್ನು ನಮ್ಮ ವಾಷಿಂಗ್ ಮಷೀನಿನ ಮೇಲೆ ಪ್ರಮಾಣ ಮಾಡಿ ಹೇಳಬಲ್ಲೆ. ಫೋನು ಮಾಡಿ ಆ ರಿವ್ಯೂ ಓದಿ ಹೇಳಿದೆ. ಆ ಹೆಸರಿನವರು ನಮ್ಮಲ್ಲಿ ಮಾಲೀಕರೂ ಅಲ್ಲ, ಬಾಡಿಗೆದಾರರೂ ಅಲ್ಲ, ಏಜೆನ್ಸಿಯ ಕಡೆಯ ನಮ್ಮ ಎಸ್ಟೇಟ್ ಮ್ಯಾನೇಜರು ಎಂದಳು.

ಮ್ಯಾನೇಜರು ಬರೆದುಕೊಂಡಿದ್ದರೆ ಅದು ಅವರ ಹೊಟ್ಟೆಪಾಡು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅವಳು ಮುಂದೆ ಹೇಳಿದ ಸಂಗತಿ ಹಾಗೆ ಬಿಡುವಂಥದ್ದಲ್ಲ. ಕೆಲವು ತಿಂಗಳಿಗೊಮ್ಮೆ ಸೆಕ್ಯುರಿಟಿಯವರನ್ನೂ ಹೌಸ್‌ಕೀಪಿಂಗಿನ ಹೆಂಗಸರನ್ನೂ ನೆಲಮಾಳಿಗೆಯಲ್ಲಿ ಸಾಲಾಗಿ ನಿಲ್ಲಿಸಿ, ಸೂಪರ್‌ವೈಸರು ಅವರ ಫೋನುಗಳನ್ನು ಕೈಗೆ ತೆಗೆದುಕೊಂಡು ತಾನೇ ಐದನೆಯ ಸ್ಟಾರನ್ನು ಒತ್ತುತ್ತಾನಂತೆ. ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಅಸ್ಸಾಮಿನ ಹುಡುಗನಿಗೆ, ಕಸ ಬೇರ್ಪಡಿಸುವ ರಾಯಚೂರಿನ ಹೆಂಗಸಿಗೆ, ತಮ್ಮ ಹೆಸರಿನಲ್ಲಿ ಯಾವ ಸಾಕ್ಷ್ಯ ದಾಖಲಾಗಿದೆ ಎಂಬುದೇ ತಿಳಿದಿಲ್ಲ. ಸಂಬಳ ತಡವಾಯಿತೆಂದು ಗೊಣಗಿದ ತಿಂಗಳಲ್ಲಿಯೂ ಅವರ ಫೋನಿನಿಂದ ‘ಅತ್ಯುತ್ತಮ ಸಂಸ್ಥೆ’ ಎಂಬ ಪ್ರಶಂಸೆ ಹೊರಟಿದೆ. ಪಟ್ಟಿಯಲ್ಲಿ ಹಸಿರಾಗಿ ಹೊಳೆದ 4.8ರಲ್ಲಿ ಒಂದು ಪಾಲು ಹೀಗೆ ಕಿತ್ತುಕೊಂಡ ಹೆಬ್ಬೆಟ್ಟು. ಬರೆದವರು ಯಾರು ಎಂದು ನಾನು ಕೇಳಿದ್ದು ಇದಕ್ಕೇ.

ಅಲ್ಲಿನ ಲಿಫ್ಟಿನಲ್ಲಿ ಅಂಟಿಸಿದ ಕ್ಯೂಆರ್ ಕೋಡಿನ ಕಥೆ ಇನ್ನೂ ಸೊಗಸಾಗಿದೆ. ಸ್ಕ್ಯಾನ್ ಮಾಡಿದರೆ, ನಮ್ಮ ಸೇವೆ ಹೇಗಿದೆ ಎಂದು ಮೊದಲು ಕೇಳುತ್ತದೆ. ನಾಲ್ಕೋ ಐದೋ ಒತ್ತಿದವರನ್ನು ನೇರವಾಗಿ ಗೂಗಲ್ ಪುಟಕ್ಕೆ ಕರೆದೊಯ್ಯುತ್ತದೆ. ಮೂರು ಅಥವಾ ಅದಕ್ಕಿಂತ ಕಡಿಮೆ ಒತ್ತಿದವರಿಗೆ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಳಗಿನ ಫಾರಂ ತೆರೆದುಕೊಳ್ಳುತ್ತದೆ; ಅಮೂಲ್ಯವಾದ ಆ ಅಭಿಪ್ರಾಯ ಅಲ್ಲಿಯೇ ಸಮಾಧಿಯಾಗುತ್ತದೆ. ಮೆಚ್ಚಿದವರಿಗೆ ಊರಬಾಗಿಲು, ದೂರುವವರಿಗೆ ಹಿತ್ತಿಲು. ಹೀಗೆ ಆರಿಸಿ ಹೊಗಳಿಕೆಯನ್ನಷ್ಟೇ ಬೇಡುವುದನ್ನೂ, ಸಂಸ್ಥೆಯ ಉದ್ಯೋಗಿಗಳೇ ಸಂಸ್ಥೆಗೆ ರಿವ್ಯೂ ಬರೆಯುವುದನ್ನೂ, ರಿಯಾಯಿತಿಯ ಆಸೆ ತೋರಿಸಿ ಸ್ಟಾರು ಪಡೆಯುವುದನ್ನೂ ಗೂಗಲ್‌ನ ಸ್ವಂತ ನಿಯಮಗಳೇ ನಿಷೇಧಿಸುತ್ತವೆ. 2024ರಲ್ಲಿ ನಿಯಮ ಮೀರಿದ 24 ಕೋಟಿಗೂ ಹೆಚ್ಚು ರಿವ್ಯೂಗಳನ್ನು ತಡೆದೆವು ಅಥವಾ ತೆಗೆದೆವು ಎಂದು ಅದು ಹೆಮ್ಮೆಯಿಂದ ಪ್ರಕಟಿಸಿಯೂ ಇದೆ. ಅದೇ ಹೆಮ್ಮೆಯ ಸಂಸ್ಥೆಗೆ ನಾನು ಆ ಮ್ಯಾನೇಜರ ರಿವ್ಯೂವನ್ನು ವರದಿ ಮಾಡಿದಾಗ, ನಿಯಮದ ಉಲ್ಲಂಘನೆ ಕಂಡುಬಂದಿಲ್ಲವೆಂಬ ಉತ್ತರ ಬಂತು. ಇಷ್ಟು ಬೇಗ ಕಡತ ವಿಲೇವಾರಿ ಮಾಡುವವರು ನಮ್ಮ ಬ್ಯಾಂಕಿನಲ್ಲಿ ಇದ್ದಿದ್ದರೆ ನಾನು ಇನ್ನೂ ಬೇಗ ನಿವೃತ್ತಳಾಗಬಹುದಿತ್ತು.

ಕಾನೂನು ಇಲ್ಲವೇ ಎಂದು ಕೇಳುವ ಮಿತ್ರರಿಗೆ, ಇದೆ, ಆದರೆ ಹಲ್ಲು ಪೂರ್ತಿ ಬಂದಿಲ್ಲ ಎಂದಷ್ಟೇ ಹೇಳಬಲ್ಲೆ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡವನ್ನು ಆನ್‌ಲೈನ್ ರಿವ್ಯೂಗಳಿಗಾಗಿಯೇ ತಂದಿತು. ಬರೆಯುವವರನ್ನು ಇಮೇಲ್, ಫೋನ್ ಕರೆ ಅಥವಾ ಸಂದೇಶದ ಮೂಲಕ ಪರಿಶೀಲಿಸಬೇಕು, ಕೊಂಡುಕೊಂಡ ರಿವ್ಯೂಗಳನ್ನು ಪ್ರಕಟಿಸಬಾರದು ಎಂಬ ಒಳ್ಳೆಯ ಮಾತುಗಳೆಲ್ಲ ಅದರಲ್ಲಿವೆ; ಆದರೆ ಜಾರಿಗೆ ತರುವಾಗ ಅದನ್ನು ಸ್ವಯಂಪ್ರೇರಿತ ಎಂದರು, ಅಂದರೆ ಪಾಲಿಸುವವರು ಪಾಲಿಸಬಹುದು. ಮಾರಾಟಗಾರರು ಗ್ರಾಹಕರ ವೇಷ ಹಾಕಿ ರಿವ್ಯೂ ಬರೆಯಬಾರದೆಂದು 2020ರ ಇ-ವಾಣಿಜ್ಯ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಅವು ಆನ್‌ಲೈನ್ ಮಾರಾಟಕ್ಕಾಗಿ ಬರೆದ ನಿಯಮಗಳು. ನಮ್ಮ ಮೋಟಾರಿಗೆ ಗ್ರೀಸ್ ಹಚ್ಚುವ, ನಮ್ಮ ಗೇಟಿಗೆ ಕಾವಲು ಒದಗಿಸುವ ಏಜೆನ್ಸಿ ಮಾತ್ರ ಕರಾರು ಪತ್ರಕ್ಕೆ ಸಹಿ ಹಾಕಿಸಿಕೊಂಡು ಕೆಲಸ ಮಾಡುವಂಥದ್ದು, ಆನ್‌ಲೈನಿನಲ್ಲಿ ಏನನ್ನೂ ಮಾರುವುದಿಲ್ಲ. ಮೋಸದ ವ್ಯಾಪಾರ ಪದ್ಧತಿ ಎಂದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೂರು ಕೊಡುವ ದಾರಿಯೇನೋ ತೆರೆದಿದೆ. ದೂರಿಗೆ ಸಾಕ್ಷಿ ಬೇಕು. ನೆಲಮಾಳಿಗೆಯ ಸಾಲಿನಲ್ಲಿ ನಿಂತವರು ಕೆಲಸ ಕಳೆದುಕೊಳ್ಳಲು ಸಿದ್ಧರಿದ್ದರೆ ಸಾಕ್ಷಿಯೂ ಸಿಗುತ್ತದೆ.

ಅಮೆರಿಕದಲ್ಲಿ ಇದೇ ರೋಗಕ್ಕೆ ಮದ್ದು ಸ್ವಲ್ಪ ಕಹಿಯಾಗಿದೆ. ಬಾಡಿಗೆ ಮನೆ ಮತ್ತು ಸಹವಾಸಿಗಳನ್ನು ಹುಡುಕಿಕೊಡುವ ರೂಮ್‌ಸ್ಟರ್ ಎಂಬ ಜಾಲತಾಣದ ಮೇಲೆ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಆರು ರಾಜ್ಯಗಳು 2022ರಲ್ಲಿ ಮೊಕದ್ದಮೆ ಹೂಡಿದವು. ಹತ್ತಾರು ಸಾವಿರ ಸುಳ್ಳು ರಿವ್ಯೂಗಳನ್ನು ಕೊಂಡು ಹರಡಿಸಿದರು, ಅವನ್ನು ನಂಬಿ ಬಂದವರಿಂದ ಹಣ ಪಡೆದರು, ಪರಿಶೀಲಿಸಿದ್ದೇವೆಂದು ಹೇಳಿಕೊಂಡ ಮನೆಗಳನ್ನು ಪರಿಶೀಲಿಸಲೇ ಇಲ್ಲ ಎಂಬುದು ಆರೋಪ. ತನಿಖೆಯವರು ಅಂಚೆ ಇಲಾಖೆಯ ಕಟ್ಟಡದ ವಿಳಾಸವನ್ನೇ ಕೊಟ್ಟು ಇಲ್ಲದ ಮನೆಯೊಂದನ್ನು ಬಾಡಿಗೆಗಿದೆ ಎಂದು ಹಾಕಿದಾಗ ಅದೂ ಪ್ರಕಟವಾಯಿತಂತೆ. ಹೀಗೆ ಮೋಸ ಹೋದವರಲ್ಲಿ ಹೆಚ್ಚಿನವರು ಕಡಿಮೆ ಆದಾಯದವರು ಮತ್ತು ವಿದ್ಯಾರ್ಥಿಗಳು. ಆಮೇಲೆ 2024ರ ಅಕ್ಟೋಬರ್ 21ರಿಂದ ಸುಳ್ಳು ರಿವ್ಯೂಗಳನ್ನು ನೇರವಾಗಿ ನಿಷೇಧಿಸುವ ನಿಯಮವೇ ಅಲ್ಲಿ ಜಾರಿಗೆ ಬಂತು. ಉದ್ಯೋಗಿಗಳು ತಾವು ಯಾರೆಂದು ಹೇಳದೆ ಬರೆಯುವ ಹೊಗಳಿಕೆಗೂ, ಬೆದರಿಸಿ ದೂರನ್ನು ಅಳಿಸುವುದಕ್ಕೂ ಅದು ಅನ್ವಯಿಸುತ್ತದೆ. ಜಾರಿಯಾದಾಗ ನಿಗದಿಯಾಗಿದ್ದ ಗರಿಷ್ಠ ದಂಡ ಪ್ರತಿ ಉಲ್ಲಂಘನೆಗೆ 51,744 ಡಾಲರು. ಆ ನೆಲಮಾಳಿಗೆಯ ಸಾಲನ್ನು ಆ ಲೆಕ್ಕದಲ್ಲಿ ಗುಣಿಸಿ ನೋಡಿ ನಾನು ಒಬ್ಬಳೇ ಕುಳಿತು ನಕ್ಕೆನೆಂದು ಒಪ್ಪಿಕೊಳ್ಳುತ್ತೇನೆ.

ಇಷ್ಟನ್ನೂ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದಾಗ ಒಬ್ಬರು ವಕೀಲರ ಧಾಟಿಯಲ್ಲಿ ಇನ್ನೊಂದು ಮಗ್ಗುಲನ್ನು ತೋರಿಸಿದರು. ಪ್ರತಿಸ್ಪರ್ಧಿ ಏಜೆನ್ಸಿಗಳು ಒಂದು ಸ್ಟಾರಿನ ಸುಳ್ಳು ರಿವ್ಯೂ ಬರೆಸುತ್ತವೆ, ಪೇಂಟಿಂಗಿನ ಹೆಸರಿನಲ್ಲಿ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಂಡ ಮಾಲೀಕರ ಮೇಲಿನ ಸಿಟ್ಟನ್ನು ಬಾಡಿಗೆದಾರರು ಏಜೆನ್ಸಿಯ ಮೇಲೆ ತೀರಿಸಿಕೊಳ್ಳುತ್ತಾರೆ, ಆದ್ದರಿಂದ ಪಾಪ, ಇವರು ಸಮತೋಲನಕ್ಕಾಗಿ ನಾಲ್ಕು ಒಳ್ಳೆಯ ಮಾತು ಬರೆಸಿಕೊಂಡರೆ ತಪ್ಪೇನು ಎಂಬುದು ಅವರ ವಾದ. ದ್ವೇಷದ ರಿವ್ಯೂಗಳು ಇರುವುದು ನಿಜ. ಅವುಗಳಿಗೆ ಅದರ ಕೆಳಗೇ, ಎಲ್ಲರಿಗೂ ಕಾಣುವಂತೆ, ದಿನಾಂಕ ಮತ್ತು ಬಿಲ್ಲಿನ ಸಮೇತ ಉತ್ತರ ಬರೆಯಲು ಜಾಗವಿದೆ. ಆ ಏಜೆನ್ಸಿ ಅಂಥ ಒಂದಕ್ಕೂ ವಿವರ ಕೊಟ್ಟಿಲ್ಲ. ಎಲ್ಲ ದೂರಿಗೂ ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಒಂದೇ ಅಚ್ಚಿನ ಉತ್ತರ ಅಂಟಿಸಿದೆ. ಕಳ್ಳ ವೋಚರಿನ ಎದುರು ಇನ್ನೊಂದು ಕಳ್ಳ ವೋಚರು ಇಟ್ಟು ಲೆಕ್ಕ ಸರಿತೂಗಿಸುವವರನ್ನು ನಮ್ಮ ವಿಭಾಗದಲ್ಲಿ ಸಮತೋಲನದ ಪ್ರತಿಪಾದಕರೆಂದು ಕರೆಯುತ್ತಿರಲಿಲ್ಲ, ಅಮಾನತು ಮಾಡುತ್ತಿದ್ದರು.

ಆದರೆ ನನ್ನ ಸಿಟ್ಟಿನ ದೊಡ್ಡ ಪಾಲು ಏಜೆನ್ಸಿಯ ಮೇಲಲ್ಲ, ಆ ಸಭೆಯಲ್ಲಿ ತಲೆಯಾಡಿಸಿದ ನಮ್ಮವರ ಮೇಲೆಯೇ. ಕಳೆದ ಮಳೆಗಾಲದಲ್ಲಿ ನಮ್ಮ ಕೊಳಚೆ ನೀರು ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿ, ಕೆಟ್ಟು, ಮೊದಲೆರಡು ಮಹಡಿಯವರು ಕಿಟಕಿ ತೆರೆಯಲಾಗದೆ ಒದ್ದಾಡುತ್ತಿದ್ದಾಗ, ಕೆಳಗಿನ ಮನೆಯ ಬಾಡಿಗೆದಾರ ಹುಡುಗಿ ನಮ್ಮ ಸಮುಚ್ಚಯದ ಗೂಗಲ್ ಪುಟದಲ್ಲಿ ಇದ್ದದ್ದನ್ನು ಇದ್ದಂತೆ ಬರೆದಳು. ಅವಳು ಬರೆದದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ, ಭಾಷೆಯೂ ಸಭ್ಯವಾಗಿತ್ತು. ಒಂದು ಗಂಟೆಯೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ಬೆಂಕಿ ಬಿತ್ತು. ದುರ್ವಾಸನೆಯ ಬಗ್ಗೆ ಅಲ್ಲ, ರಿವ್ಯೂ ಬಗ್ಗೆ. ಹೊರಗಿನವರು ಓದಿದರೆ ರೀಸೇಲ್ ದರ ಬೀಳುತ್ತದೆ, ಮನೆಯ ಮಾತನ್ನು ಬೀದಿಗೆ ತರಬಾರದು ಎಂದು ಮಾಲೀಕರೆಲ್ಲ ಒಂದಾದರು. ಅವಳ ಮನೆಯ ಮಾಲೀಕರಿಗೆ ಫೋನು ಹೋಯಿತು, ಸಂಜೆಯೊಳಗೆ ರಿವ್ಯೂ ಮಾಯವಾಯಿತು, ಎಸ್‌ಟಿಪಿ ಮಾತ್ರ ತನ್ನ ಪಾಡಿಗೆ ನಾರುತ್ತಲೇ ಇತ್ತು. ಆಮೇಲೆ ಉತ್ಸಾಹಿಗಳೊಬ್ಬರು, ಪ್ರತಿ ಫ್ಲ್ಯಾಟಿನವರೂ ಐದು ಸ್ಟಾರು ಹಾಕಿ ನಮ್ಮ ರೇಟಿಂಗ್ ಸರಿಪಡಿಸೋಣ ಎಂದು ಲಿಂಕ್ ಕಳಿಸಿದರು. ಅದಕ್ಕೆ ಬಿದ್ದ ಹೆಬ್ಬೆರಳಿನ ಚಿತ್ರಗಳನ್ನು ಕಂಡು ನಾನು ಫೋನನ್ನು ಮಗುಚಿ ಇಟ್ಟೆ.

ನಮ್ಮ ಸಮುಚ್ಚಯದ ಗೂಗಲ್ ಪುಟವೇ ಒಂದು ಪುರಾಣ. ಅದು ಇಂದಿಗೂ ಬಿಲ್ಡರಿನ ಕೈಯಲ್ಲಿದೆ, ಹಸ್ತಾಂತರವಾದ ಮೇಲೂ ಸಂಘಕ್ಕೆ ಬಿಟ್ಟುಕೊಟ್ಟಿಲ್ಲ. ಅಡಿಪಾಯ ತೋಡುವ ಕಾಲದಲ್ಲಿ ಸೈಟು ನೋಡಲು ಬಂದವರೂ, ದಲ್ಲಾಳಿಗಳೂ ‘ಸೌಲಭ್ಯಗಳು ಅದ್ಭುತ’ ಎಂದು ಕೊಟ್ಟ ಸ್ಟಾರುಗಳು ಇನ್ನೂ ನಮ್ಮ ಸರಾಸರಿಯನ್ನು ಎತ್ತಿ ಹಿಡಿದಿವೆ. ಕಟ್ಟಡವೇ ಇಲ್ಲದಿದ್ದಾಗ ಈಜುಕೊಳವನ್ನು ಮೆಚ್ಚಿದವರ ಮಾತು ಉಳಿದಿದೆ, ಮೂಗು ಮುಚ್ಚಿಕೊಂಡು ಬದುಕಿದವಳ ಮಾತು ಅಳಿಸಿಹೋಗಿದೆ. ಚದರಡಿ ದರ ಏರಿದ ಸುದ್ದಿ ಓದಿದಾಗ ನನಗೂ ಒಳಗೊಳಗೆ ಖುಷಿಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ; ಇರುವ ಆಸ್ತಿಯೆಂದರೆ ಈ ಫ್ಲ್ಯಾಟೊಂದೇ. ಆದರೆ ನಮ್ಮ ದುರ್ವಾಸನೆಯನ್ನು ನಾವು ಅಳಿಸಿದಂತೆಯೇ ಅವರ ಟ್ಯಾಂಕರುಗಳನ್ನು ಅವರೂ ಅಳಿಸಿದ್ದಾರೆ ಎಂಬ ಸರಳ ಅನುಮಾನವೂ ಹುಟ್ಟದ ಮಾಲೀಕರು, ಅವರ 4.8ನ್ನು ಮಾತ್ರ ಕಣ್ಣಿಗೊತ್ತಿಕೊಳ್ಳುವುದು ನನಗೆ ಅರ್ಥವಾಗುವುದಿಲ್ಲ. ಸ್ವತಃ ಸುಳ್ಳು ಸ್ಟಾರು ಒತ್ತಿದ ಬೆರಳುಗಳೇ ಭಾನುವಾರ ಪರದೆಯ ಕಡೆ ತೋರಿಸಿ ‘ನೋಡಿ ಮೇಡಂ’ ಎಂದವು.

ಸೋಮವಾರ ನಾನು ಸಮಿತಿಗೆ ಲಿಖಿತವಾಗಿ ಒಂದು ಸೂಚನೆ ಕೊಟ್ಟಿದ್ದೇನೆ. ತುಲನಾ ಪಟ್ಟಿಯಿಂದ ರೇಟಿಂಗ್ ಕಾಲಂ ತೆಗೆಯಬೇಕು. ಅದರ ಜಾಗದಲ್ಲಿ, ಕಳೆದ ಮೂರು ವರ್ಷಗಳಲ್ಲಿ ಆಯಾ ಏಜೆನ್ಸಿಯನ್ನು ಬಿಟ್ಟ ಸಮುಚ್ಚಯಗಳ ಹೆಸರು ಮತ್ತು ಅಲ್ಲಿನ ಕಾರ್ಯದರ್ಶಿಗಳ ಸಂಪರ್ಕ ಇರಬೇಕು. ಸಿಬ್ಬಂದಿಯ ಪಿಎಫ್ ಮತ್ತು ಇಎಸ್‌ಐ ಚಲನ್‌ಗಳನ್ನು ತಿಂಗಳವಾರು ಕೇಳಬೇಕು, ಏಕೆಂದರೆ ಗುತ್ತಿಗೆದಾರ ಕಟ್ಟದೆ ಹೋದ ಬಾಕಿ ಕೊನೆಗೆ ಮುಖ್ಯ ಉದ್ಯೋಗದಾತರಾದ ನಮ್ಮ ಸಂಘದ ಕೊರಳಿಗೇ ಬೀಳುತ್ತದೆ. ಅವರು ನಡೆಸುವ ಒಂದು ಎಸ್‌ಟಿಪಿಗೆ ಮುನ್ಸೂಚನೆ ಇಲ್ಲದೆ ಬೆಳಿಗ್ಗೆ ಹೋಗಿ ನೋಡಬೇಕು. ಗೇಟಿನಲ್ಲಿರುವವರನ್ನು, ಸೂಪರ್‌ವೈಸರು ಪಕ್ಕದಲ್ಲಿ ಇಲ್ಲದಾಗ, ಸಂಬಳ ಯಾವ ತಾರೀಖಿಗೆ ಬರುತ್ತದೆ ಎಂದು ಕೇಳಬೇಕು.

ಕಾರ್ಯದರ್ಶಿಯವರ ಉತ್ತರ ಇಂದು ಬೆಳಿಗ್ಗೆ ಬಂದಿದೆ. ಬಿಟ್ಟುಹೋದ ಗ್ರಾಹಕರ ಪಟ್ಟಿ ಗೌಪ್ಯವಾದುದರಿಂದ ಕೊಡಲಾಗದೆಂದು ಏಜೆನ್ಸಿ ತಿಳಿಸಿದೆಯಂತೆ. ಅದರ ಬದಲಿಗೆ ಇನ್ನಷ್ಟು ರಿವ್ಯೂಗಳ ಲಿಂಕ್ ಕಳಿಸಿದ್ದಾರೆ. ಮತದಾನ ಮುಂದಿನ ಭಾನುವಾರ ಹತ್ತೂವರೆಗೆ ಕ್ಲಬ್‌ಹೌಸಿನಲ್ಲಿ. ನಮ್ಮ ಸಮುಚ್ಚಯದ ಮಿತ್ರರು ಯಾರಾದರೂ ಇದನ್ನು ಇಲ್ಲಿಯವರೆಗೆ ಓದಿದ್ದರೆ, ಪ್ರಾಕ್ಸಿ ಕಳಿಸದೆ ಖುದ್ದಾಗಿ ಬನ್ನಿ, ಮತ್ತು ಬರುವ ಮುನ್ನ ಆ ರಿವ್ಯೂಗಳನ್ನು ಹೊಸತರಿಂದ ಹಳತಿನ ಕಡೆಗೆ ಹೊಂದಿಸಿಕೊಂಡು ಒಮ್ಮೆ ಓದಿ.